ಜಗದಾಂಬೆಯ ಪಕ್ಕದ ಜಾಗ

"ತಲೆ ಕಡೆ ಎತ್ತಿಡೀರ್ರೋ, ತಲೆ ಕಡೆ!" ಎಂದು ಬೈರಯ್ಯ ಕೂಗುತ್ತಿದ್ದಂತೆಯೇ ಶವದ ಪೆಟ್ಟಿಗೆ ಎಡಕ್ಕೆ ವಾಲಿತು. ಹೇರೋಹಳ್ಳಿಯ ಆ ಗಲ್ಲಿಯನ್ನು ಒಳಚರಂಡಿಯ ಕೊಳವೆಗೆಂದು ಅಗೆದು ಹಾಗೆಯೇ ಬಿಟ್ಟಿದ್ದರಿಂದ ವ್ಯಾನು ಮನೆಯ ಬಾಗಿಲಿಗೆ ಬರುವಂತಿರಲಿಲ್ಲ. ಕಂದಕದ ಮೇಲೆ ಹಾಸಿದ ಹಲಗೆಗಳ ಮೇಲೆ ನಾಲ್ವರು ಗಂಡಸರು ಹನುಮಕ್ಕನನ್ನು ಹೊತ್ತು, ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆಯನ್ನು ಹೊಂದಿಸುತ್ತ ದಾಟುತ್ತಿದ್ದರು. ಆಚೆ ದಂಡೆಯಲ್ಲಿ ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದ ರುದ್ರಮುನಿಯವರು, ಪೆಟ್ಟಿಗೆ ನೇರವಾಗುವವರೆಗೂ ಉಸಿರು ಬಿಡಲಿಲ್ಲ.

"ಇದೇ ಹಲಗೆ ಮೇಲೆ ಸೊಪ್ಪಿನ ಬುಟ್ಟಿ ಹೊತ್ಕೊಂಡು ಓಡೋಳು ಸಾರ್ ನಮ್ಮಕ್ಕ," ಎಂದು ಬೈರಯ್ಯ ದಾಟಿ ಬಂದು ಮುಖ ಒರೆಸಿಕೊಂಡ. "ಮೊನ್ನೆ ಮೊನ್ನೆವರ್ಗೂ. ನಾನು ಹುಷಾರು ಅಂದ್ರೆ, 'ನೀನ್ ಬೀಳ್ಬೇಡ ಹೋಗಲೋ' ಅನ್ನೋಳು."

"ಮಣ್ಣು ಎಲ್ಲಿ, ಬೈರಯ್ಯ?" ಎಂದರು ರುದ್ರಮುನಿಯವರು.

"ಬಿಡದಿ ಆಚೆ ಅಂತೆ ಸಾರ್. ನಮ್ ಭಾವನ್ನ ಇಲ್ಲೇ ಕೆರೆ ಹಿಂದೆ ಮಣ್ ಮಾಡಿದ್ವಿ. ಅದ್ರ ಮೇಲೆ ಈಗ ಮೂರಂತಸ್ತು ಎದ್ದೈತೆ. ಅಲ್ಲೋಗಿ ಬೆಲ್ ಒತ್ತಿ, 'ಸ್ವಲ್ಪ ಜಾಗ ಬಿಡಿ ಸ್ವಾಮಿ' ಅನ್ನಾಕಾಗ್ತದಾ?"

ಬೈರಯ್ಯ ಕ್ರೈಸ್ತ ಸಭೆಗೆ ಸೇರಿದವನಲ್ಲ. ಅಕ್ಕ ದೀಕ್ಷಾಸ್ನಾನ ಪಡೆದಾಗ ಆರು ತಿಂಗಳು ಮಾತು ಬಿಟ್ಟವನು. ಆದರೆ ಇಂದು ಪೆಟ್ಟಿಗೆಯ ತಲೆಭಾಗವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ರುದ್ರಮುನಿಯವರಿಗೆ ಬಿಡದಿಯ ಸಂಗತಿ ತಿಳಿಯದ್ದೇನಲ್ಲ. ಸಭೆಯ ಹಿರಿಯರಾಗಿ ಆ ನಿಯಮಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಕೆಂಗೇರಿಯ ಹತ್ತಿರವಿದ್ದ ಸಭೆಯ ಸಮಾಧಿಭೂಮಿ ತುಂಬಿಹೋಗಿತ್ತು. ಹೊಸ ಗುಂಡಿಗೆ ಅಲ್ಲಿ ಗೇಣು ನೆಲವೂ ಉಳಿದಿರಲಿಲ್ಲ. ಅಲ್ಲಿ ಮನೆತನದ ಸಮಾಧಿ ಇದ್ದವರು ಅದನ್ನೇ ತೆರೆದು, ಮೊದಲು ಮಲಗಿದವರ ಮೂಳೆಗಳನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿ ಒಂದು ಮೂಲೆಗಿಟ್ಟು, ಅದೇ ಗುಂಡಿಯಲ್ಲಿ ತಮ್ಮವರನ್ನು ಮಲಗಿಸಬಹುದು. ಒಮ್ಮೆ ತೆರೆದರೆ ಮತ್ತೆ ಹದಿನಾಲ್ಕು ವರ್ಷ ಮುಟ್ಟುವಂತಿಲ್ಲ. ಸಮಾಧಿ ಇಲ್ಲದವರಿಗೆ ಬಿಡದಿ. ರುದ್ರಮುನಿಯವರ ಹೆಂಡತಿ ಜಗದಾಂಬಾ ಕೆಂಗೇರಿಯಲ್ಲಿ ಮಲಗಿದ್ದಳು. ಕಳೆದ ಈಸ್ಟರಿಗೆ, ಅವಳನ್ನು ಮಲಗಿಸಿ ಹದಿನಾಲ್ಕು ವರ್ಷದ ಆ ಗಡುವು ತುಂಬಿದಾಗ, ಎಂಬತ್ತರ ಹೊಸ್ತಿಲಲ್ಲಿದ್ದ ಅವರು ಯಾರಿಗೂ ಹೇಳದ ಒಂದು ನೆಮ್ಮದಿಯನ್ನು ಅನುಭವಿಸಿದ್ದರು. ಇನ್ನು ಯಾವಾಗ ಕರೆ ಬಂದರೂ ಹೋಗಿ ಸೇರಿಕೊಳ್ಳಲು ಒಂದು ಮಗ್ಗುಲು ಇತ್ತು.

*

ಹನುಮಕ್ಕನ ದೀಕ್ಷಾಸ್ನಾನದ ದಿನ ಅಂದಿನ ಸಭಾಪಾಲಕರು, "ನಿನಗೆ ಅನ್ನಮ್ಮ ಎಂಬ ಹೆಸರು ಇಡೋಣ," ಎಂದಿದ್ದರು. ಹೇರೋಹಳ್ಳಿಯ ಕಾಲೊನಿಯಿಂದ ಬಂದವರಿಗೆಲ್ಲ ಹೊಸ ಹೆಸರು ಇಡುವುದು ವಾಡಿಕೆ.

"ಯಾಕ್ ಸ್ವಾಮಿ? ದೇವ್ರು ಹನುಮಕ್ಕ ಅಂತ ಕೂಗ್ದಾಗ್ಲೇ ನಾನ್ ತಿರುಗಿ ನೋಡಿದ್ದು. ಈಗ ಅನ್ನಮ್ಮ ಅಂದ್ರೆ ಯಾರೋ ಬೇರೇವ್ರು ಅನ್ಕೊಂಡು ಸುಮ್ನಾಗ್ಬಿಡ್ತೀನಿ."

ಸಭೆಯಲ್ಲಿ ನಗು ಎದ್ದಿತು. ನಗುವಿನ ಹಿಂದೆಯೇ ಗೊಣಗು. ಆಗ ಮುಂದಿನ ಬೆಂಚಿನಿಂದ ಜಗದಾಂಬಾ ಎದ್ದು ನಿಂತಳು. ಅವಳ ಗಂಡನದು ಹಾವೇರಿ ಕಡೆಯ ಲಿಂಗವಂತ ಮನೆತನ. ರುದ್ರಮುನಿಯವರ ಅಜ್ಜ ಕ್ರಿಸ್ತನನ್ನು ಒಪ್ಪಿಕೊಂಡರೂ ಮನೆಯ ಹೆಸರುಗಳನ್ನು ಬಿಟ್ಟಿರಲಿಲ್ಲ. ಅದು ಅವರಿಗೆ ಹೆಮ್ಮೆಯ ವಿಷಯವೂ ಆಗಿತ್ತು.

"ನನ್ನ ಹೆಸರು ಜಗದಾಂಬಾ," ಎಂದಳು ಅವಳು. "ನಮ್ಮನೆಯವರದು ರುದ್ರಮುನಿ. ನಮ್ಮ ಹೆಸರನ್ನ ಇಲ್ಲಿ ಯಾರೂ ಬದಲಾಯಿಸ್ಲಿಲ್ಲ. ಅವಳದ್ಯಾಕೆ ಬದಲಾಗ್ಬೇಕು?"

ಹನುಮಕ್ಕ ಹನುಮಕ್ಕನಾಗಿಯೇ ನೀರಿನಿಂದ ಎದ್ದಳು. ಆ ಸಂಜೆ ಮನೆಯಲ್ಲಿ ರುದ್ರಮುನಿಯವರು ತಟ್ಟೆಯನ್ನು ಎತ್ತಿಕೊಂಡು ಹೋಗಿ ಒಬ್ಬರೇ ಊಟ ಮಾಡಿದರು.

*

ಸಭೆಯ ದೇವಾಲಯದಲ್ಲಿ ಜನ ಎಂದಿನಂತೆಯೇ ಕುಳಿತಿದ್ದರು. ಮುಂದಿನ ಬೆಂಚುಗಳಲ್ಲಿ ಬಸವೇಶ್ವರನಗರದವರು, ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನವರು. ಹಿಂದಿನ ಬೆಂಚುಗಳಲ್ಲಿ ಹೇರೋಹಳ್ಳಿಯ ಹಳೆಯ ಕಾಲೊನಿಯವರು. ನಡುವಿನ ಒಂದು ಸಾಲು ಯಾವಾಗಲೂ ಖಾಲಿ. ಹೀಗೆ ಕೂರಿರೆಂದು ಯಾರೂ ಯಾರಿಗೂ ಹೇಳಿದವರಲ್ಲ. ಇಂದು ಆ ಎಲ್ಲ ಸಾಲುಗಳ ಮುಂದೆ, ಎರಡು ಮಣೆಗಳ ಮೇಲೆ, ಹನುಮಕ್ಕ ಒಬ್ಬಳೇ ಮಲಗಿದ್ದಳು.

ಯುವ ಸಭಾಪಾಲಕ ಸಿದ್ಧಾರ್ಥ ಅಯ್ಯನವರು ಪ್ರಾರ್ಥನೆ ಮುಗಿಸಿ, "ಇಲ್ಲಿಂದ ಬಿಡದಿಗೆ ಹೊರಡ್ತೀವಿ. ಒಂದು ಬಸ್ ಹೇಳಿದೆ. ಬರೋರು ದಯವಿಟ್ಟು ಕೈಯೆತ್ತಿ," ಎಂದರು.

ಮುಂದಿನ ಬೆಂಚುಗಳಲ್ಲಿ ಗಡಿಯಾರ ಕಟ್ಟಿದ ಮಣಿಕಟ್ಟುಗಳು ತಿರುಗಿದವು. "ಮೈಸೂರು ರೋಡ್ ಟ್ರಾಫಿಕ್ಕು, ಸಂಜೆ ಆಗಿಬಿಡುತ್ತೆ," ಎಂದು ಯಾರೋ ಪಿಸುಗುಟ್ಟಿದರು. ಹಿಂದಿನಿಂದ ಕೆಲವು ಕೈಗಳು ಮೇಲೆದ್ದವು.

ಹನುಮಕ್ಕನ ಮಗಳು ಸ್ಪಂದನ ಪೆಟ್ಟಿಗೆಯ ಬಳಿ ನೆಲದ ಮೇಲೆ ಕುಳಿತಿದ್ದಳು. ಅವಳು ತಲೆಯೆತ್ತಿ, "ಅಯ್ಯನವ್ರೇ, ಅಲ್ಲಿ ಅಮ್ಮನ ಪಕ್ಕ ಯಾರಿರ್ತಾರೆ?" ಎಂದು ಕೇಳಿದಳು.

"ಅದು ಹೊಸ ಜಾಗ ಅಲ್ವೇನಮ್ಮ. ಈಗಿನ್ನೂ... ಯಾರೂ ಇಲ್ಲ."

"ಅಮ್ಮಂಗೆ ಒಬ್ಳೇ ಇದ್ದು ಅಭ್ಯಾಸ ಇಲ್ಲ," ಎಂದಳು ಸ್ಪಂದನ. ಅವಳು ದೂರುತ್ತಿರಲಿಲ್ಲ, ತಾಯಿಯನ್ನು ಹೊಸಬರ ಮನೆಯಲ್ಲಿ ಬಿಟ್ಟುಹೋಗುವವರು ಆಕೆಯ ಕಾಫಿ, ಮಾತ್ರೆಗಳ ವಿಷಯ ತಿಳಿಸುವ ಹಾಗೆ ಹೇಳಿದಳು.

ಸಭೆಯ ಪರವಾಗಿ ಎರಡು ಮಾತಾಡಬೇಕಾಗಿದ್ದವರು ರುದ್ರಮುನಿಯವರು. ಶಿಕ್ಷಣ ಇಲಾಖೆಯಿಂದ ನಿವೃತ್ತರಾದ ಅವರ ಕನ್ನಡಕ್ಕೆ ಸಭೆಯಲ್ಲಿ ಒಂದು ಗೌರವವಿತ್ತು. ಬೆಳಗಿನಿಂದ ವಾಕ್ಯಗಳನ್ನು ಮನಸ್ಸಿನಲ್ಲೇ ಕಟ್ಟಿ, ಕೆಡವಿ, ಮತ್ತೆ ಕಟ್ಟಿದ್ದರು. ಈಗ ಎದ್ದು ನಿಂತರು.

*

ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಬಟ್ಟಲು ಒಂದೇ. ಬೆಳ್ಳಿಯದು. ಎಲ್ಲರೂ ಮೊಣಕಾಲೂರಿ ಅದೇ ಅಂಚಿಗೆ ತುಟಿಯಿಡಬೇಕು. ಮುಂದಿನ ಬೆಂಚಿನವರು ಮೊದಲು ಹೋಗುತ್ತಿದ್ದರು, ಹಿಂದಿನವರು ಆಮೇಲೆ. ಇದಕ್ಕೂ ಯಾರೂ ನಿಯಮ ಮಾಡಿರಲಿಲ್ಲ. ಆದರೆ ಒಂದು ಭಾನುವಾರವೂ ಆ ಕ್ರಮ ತಪ್ಪಿರಲಿಲ್ಲ. ಹನುಮಕ್ಕ ಸಭೆ ಸೇರಿ ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ರುದ್ರಮುನಿಯವರು ಎದ್ದಾಗ ಜಗದಾಂಬಾ ಏಳಲಿಲ್ಲ. ಅವರು ರೊಟ್ಟಿ ತಿಂದು, ಕುಡಿದು ಹಿಂದಿರುಗುವಾಗ ಬೆಂಚು ಬರಿದಾಗಿತ್ತು. ಅವಳು ಹಿಂದೆ ಹೋಗಿ ಹನುಮಕ್ಕನ ಪಕ್ಕದಲ್ಲಿ ಕುಳಿತಿದ್ದಳು. ಎಲ್ಲರಿಗೂ ಕೊನೆಯಲ್ಲಿ ಹನುಮಕ್ಕ, ಅವಳ ಹಿಂದೆ ಜಗದಾಂಬಾ.

"ಕಾಲು ನೋವಿತ್ತಾ?" ಎಂದು ಅವರು ಮನೆಗೆ ಬರುವ ದಾರಿಯಲ್ಲಿ ಕೇಳಿದರು.

"ಇಲ್ಲವಲ್ಲ."

"ಮತ್ತೆ?"

"ಬಟ್ಟಲಲ್ಲಿ ಉಳಿದಿದ್ದನ್ನ ಚೆಲ್ಲೋ ಹಾಗಿಲ್ಲ, ಅಲ್ವಾ? ಕೊನೇಲಿ ಹೋದವರೇ ಮುಗಿಸ್ಬೇಕು. ಹನುಮಕ್ಕ ಎಷ್ಟೋ ವರ್ಷದಿಂದ ಒಬ್ಳೇ ಮುಗಿಸ್ತಿದ್ದಾಳಂತೆ. ಇವತ್ತು ಅರ್ಧ ನಂಗೆ ಉಳಿಸಿದ್ಲು." ಅವಳು ಹುಡುಗಿಯ ಹಾಗೆ ನಕ್ಕಳು. "ನೀವೆಲ್ಲ ಮೊದಲು ಹೋಗಿ ಒಂದೊಂದು ಗುಟುಕು ಕುಡಿದು ಬರ್ತೀರಿ. ತಳದ್ದೆಲ್ಲ ನಮ್ಮಿಬ್ಬರದು."

ಆ ಮೇಲೆ ಸಾಯುವವರೆಗೂ ಅವಳು ಕೊನೆಯಲ್ಲೇ ಹೋದಳು. ಅವರು ಮೊದಲೇ ಹೋದರು. ಒಂದೇ ಮನೆಯಿಂದ ಹೊರಟು, ಒಂದೇ ಬಟ್ಟಲಿನಿಂದ ಕುಡಿದು, ಒಂದೇ ಮನೆಗೆ ಮರಳುವ ಗಂಡಹೆಂಡಿರ ನಡುವೆ ಪ್ರತಿ ಸಲವೂ ಇಡೀ ಸಭೆ ಹಾದುಹೋಗುತ್ತಿತ್ತು.

*

ಕಟ್ಟಿದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಬಿಡದಿ ಬೇಡ," ಎಂದರು ರುದ್ರಮುನಿಯವರು. "ಹನುಮಕ್ಕನಿಗೆ ನಮ್ಮ ಮನೆಯವರ ಸಮಾಧಿ ತೆಗೆಸಿ."

ಅವರ ಮಗ ನಾಗಭೂಷಣ್ ಅಂಗಳದಲ್ಲಿ ತಂದೆಯ ತೋಳು ಹಿಡಿದು ನಿಲ್ಲಿಸಿದ. "ಅಪ್ಪಾ, ಏನ್ ಹೇಳ್ತಿದೀರಿ ಅಂತ ಗೊತ್ತಿದೆಯಾ? ಈಗ ತೆಗೆದ್ರೆ ಹದಿನಾಲ್ಕು ವರ್ಷ ಮತ್ತೆ ಮುಟ್ಟೋಕೆ ಬಿಡಲ್ಲ."

"ಆ ನಿಯಮಕ್ಕೆ ಸಹಿ ಹಾಕಿದವನು ನಾನೇ ಕಣೋ."

"ಹಾಗಾದ್ರೆ ನಿಮಗೆ?"

"ಬಿಡದಿ ಇದೆಯಲ್ಲ. ಗಾಳಿ ಚೆನ್ನಾಗಿದೆಯಂತೆ."

"ತಮಾಷೆ ಅಲ್ಲಪ್ಪ. ಅಮ್ಮನ ಪಕ್ಕ ನೀವಿರ್ಬೇಕು ಅಂತ ನಾನೂ ಅನ್ಕೊಂಡಿದ್ದೆ." ಅವನು ತಂದೆಯ ತೋಳನ್ನು ಬಿಟ್ಟು, "ಹಾವೇರಿ ಚಿಕ್ಕಪ್ಪ ಕೇಳಿದ್ರೆ ಏನ್ ಹೇಳ್ಲಿ?" ಎಂದ.

"ನಿಮ್ಮತ್ತಿಗೆ ಸ್ನೇಹಿತೇನ ಕರ್ಕೊಂಡ್ಳು ಅಂತ ಹೇಳು," ಎಂದರು ಅವರು. ಹೇಳಿದ ಮೇಲೆ ಮಗನ ಕೈಯನ್ನು ತಾವೇ ಗಟ್ಟಿಯಾಗಿ ಹಿಡಿದುಕೊಂಡರು. ತಾವು ಬಹಳ ದೊಡ್ಡದೊಂದನ್ನು ಕೊಟ್ಟುಬಿಟ್ಟೆವೆಂಬ ಭಾರ ಎದೆಯಲ್ಲಿ ಕುಳಿತಿತ್ತು. ಆ ಭಾರದಲ್ಲಿ ಒಂದಿಷ್ಟು ಹೆಮ್ಮೆಯೂ ಬೆರೆತಿತ್ತು.

ಕೆಂಗೇರಿಯೆಂದಾಗ ಬಹುಮಂದಿ ಹೊರಟುಬಂದರು. ಸಮಾಧಿಭೂಮಿಯ ಕಾವಲಿನ ಚಿಕ್ಕಮುನಿಯಪ್ಪ ಗುದ್ದಲಿ, ಹಾರೆ ಹಿಡಿದು ಮುಂದೆ ನಡೆದ. ಯಾವ ಸಮಾಧಿಯೆಂದು ಅಯ್ಯನವರು ಹೇಳುವ ಮೊದಲೇ, ವ್ಯಾನಿನಲ್ಲಿ ಹನುಮಕ್ಕನ ಮುಖ ನೋಡಿದವನೇ ನೇರವಾಗಿ ಜಗದಾಂಬೆಯ ಕಲ್ಲಿನ ಬಳಿಗೆ ಹೋಗಿ ನಿಂತಿದ್ದ.

"ನಿಂಗೆ ಹೇಗೆ ಗೊತ್ತಾಯ್ತಪ್ಪಾ?" ಎಂದರು ಅಯ್ಯನವರು.

"ಇನ್ಯಾವ್ದು ಸ್ವಾಮಿ? ಇದು ಅವ್ರದೇ ಅಲ್ವಾ? ಇಷ್ಟು ವರ್ಷ ಬಂದು ಕಳೆ ಕಿತ್ತಿದ್ದು, ನೀರ್ ಹಾಕಿದ್ದು ಅವ್ರೇ. ಸೊಪ್ಪು ಮಾರ್ಕೊಂಡು ವಾಪಸ್ ಹೋಗೋವಾಗ ಬರೋರು. ಇಲ್ಲೇ ಕೂತ್ಕೊಂಡು ಮಾತಾಡೋರು. ಸೊಪ್ಪಿನ ರೇಟು, ಮಗಳ ಮದ್ವೆ, ಎಲ್ಲಾ." ಅವನು ಎಲ್ಲರ ಮುಖವನ್ನೂ ನೋಡಿದ. "ಒಳಗಿರೋರು ಇವ್ರ ಅಕ್ಕ ಅಲ್ವಾ?"

ವರ್ಷಕ್ಕೊಮ್ಮೆ ಹೂವು ತಂದಾಗಲೆಲ್ಲ ಸಮಾಧಿ ಹಸನಾಗಿರುವುದನ್ನು ಕಂಡು, ರುದ್ರಮುನಿಯವರು ಇದೇ ಚಿಕ್ಕಮುನಿಯಪ್ಪನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದರು. ಎದೆಯಲ್ಲಿ ಕುಳಿತಿದ್ದ ಭಾರ ಸದ್ದಿಲ್ಲದೆ ಜಾಗ ಖಾಲಿ ಮಾಡಿತು. ಅದರೊಡನೆ ಹೆಮ್ಮೆಯೂ ಹೋಯಿತು. ಅವರು ಕೊಟ್ಟದ್ದು ಮೊದಲೇ ಹನುಮಕ್ಕನದಾಗಿತ್ತು.

"ಅಕ್ಕನೇ," ಎಂದು ಬೈರಯ್ಯ ಕೊನೆಗೆ ಹೇಳಿದ. "ನಮ್ಮ ದೊಡ್ಡಕ್ಕ."

ಮೊದಲ ಗುದ್ದಲಿ ಮನೆಯವರದಾಗಬೇಕೆಂಬುದು ಅಲ್ಲಿಯ ಪದ್ಧತಿ. ರುದ್ರಮುನಿಯವರು ಗುದ್ದಲಿಯೆತ್ತಿದರು; ಎತ್ತಿದ್ದು ಇಳಿಯಲಿಲ್ಲ. ಬೈರಯ್ಯ ಬಂದು ಅದೇ ಹಿಡಿಗೆ ತನ್ನ ಕೈಯನ್ನೂ ಸೇರಿಸಿದ. ಇಬ್ಬರ ಏಟಿಗೆ ಕೆಂಪು ಮಣ್ಣು ಬಿರಿಯಿತು.

ಮಣ್ಣು ತೆಗೆಯುವಷ್ಟು ಹೊತ್ತೂ ಜನ ಹೊಂಗೆಯ ಮರದ ಕೆಳಗೆ ಕಾದರು. ನೆರಳು ಚಿಕ್ಕದು, ಮುಂದಿನ ಬೆಂಚಿನವರೆಂದು, ಹಿಂದಿನವರೆಂದು ಬೇರೆಯಾಗಿ ನಿಲ್ಲಲು ಅಲ್ಲಿ ಆಸ್ಪದವಿರಲಿಲ್ಲ. ದೂರದಲ್ಲಿ ಮೆಟ್ರೋ ರೈಲೊಂದು ಹಾದುಹೋದ ಮೇಲೆ ಗುದ್ದಲಿಯ ಸದ್ದು ನಿಂತಿತು. "ಇನ್ಮೇಲೆ ಕೈಯಲ್ಲೇ," ಎಂದ ಚಿಕ್ಕಮುನಿಯಪ್ಪ, ಗುಂಡಿಯೊಳಗಿನಿಂದ.

ನೋಡಬಾರದೆಂದುಕೊಂಡಿದ್ದ ರುದ್ರಮುನಿಯವರು ಅಂಚಿಗೆ ಬಂದು ನೋಡಿದರು. ಪೆಟ್ಟಿಗೆ ಮಣ್ಣಾಗಿತ್ತು, ರೇಷ್ಮೆಯ ಸೀರೆ ಮಣ್ಣಾಗಿತ್ತು. ಮೂಳೆಗಳು ಮಣ್ಣಿನದೇ ಬಣ್ಣ ತಳೆದು, ಬೇರುಗಳ ನಡುವೆ, ಯಾರೋ ಜೋಪಾನವಾಗಿ ಎತ್ತಿಟ್ಟ ಹಾಗೆ ಇದ್ದವು. ಅವರು ಹೆದರಿದ್ದ ಭೀಕರತೆ ಅಲ್ಲಿರಲಿಲ್ಲ. ಹಾವೇರಿಯೂ ಇರಲಿಲ್ಲ, ಮನೆತನವೂ ಇರಲಿಲ್ಲ, ಮುಂದಿನ ಬೆಂಚೂ ಇರಲಿಲ್ಲ. ಆದರೂ ಅದು ಜಗದಾಂಬೆಯೇ. ಇಷ್ಟು ಸರಳವಾಗಿ, ಇಷ್ಟು ಸಂಪೂರ್ಣವಾಗಿ ಅವಳನ್ನು ಅವರು ಎಂದೂ ಕಂಡಿರಲಿಲ್ಲ. ಅವರಿಗೇ ತಿಳಿಯದಂತೆ ಕಾಲಿನಿಂದ ಚಪ್ಪಲಿ ಕಳಚಿದವು. ಅದನ್ನು ಕಂಡು ಪಕ್ಕದವರು ಕಳಚಿದರು, ಅವರ ಪಕ್ಕದವರೂ.

ಬಿಳಿಯ ಬಟ್ಟೆಯ ಗಂಟು ಮೇಲೆ ಬಂದಾಗ ಅವರೇ ಕೈ ಚಾಚಿ ತೆಗೆದುಕೊಂಡರು.

"ಇತ್ತ ಕೊಡಿ ಸಾರ್, ಮೂಲೇಲಿ ಇಡ್ತೀನಿ. ಆಮೇಲೆ ಪೆಟ್ಟಿಗೆ ಇಳಿಸೋದು," ಎಂದ ಚಿಕ್ಕಮುನಿಯಪ್ಪ.

"ಮೂಲೇಲಾ?" ಸ್ಪಂದನ ಮುಂದೆ ಬಂದಳು. "ಬೇಡಣ್ಣ. ಅಮ್ಮ ಬೈತಾಳೆ."

"ಮತ್ತೆಲ್ಲಮ್ಮ ಇಡೋದು?"

ಅವಳು ಹೇಳಲಿಲ್ಲ; ರುದ್ರಮುನಿಯವರ ಮುಖವನ್ನು ನೋಡಿದಳು. ಮೊಳೆ ಹೊಡೆಯುವ ಮುನ್ನ ಕೊನೆಯ ದರ್ಶನಕ್ಕೆಂದು ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದೇ ಇತ್ತು. ಅವರು ಹನುಮಕ್ಕನ ಬಳಿ ಮೊಣಕಾಲೂರಿದರು. ಎದೆಯ ಮೇಲೆ ಸೆಟೆದಿದ್ದ ಅವಳ ಎಡತೋಳನ್ನು ಬೈರಯ್ಯ ಮೆಲ್ಲಗೆ, ತಾಳ್ಮೆಯಿಂದ ಸಡಿಲಿಸಿದ. ಆ ತೋಳಿನ ಸಂದಿಯಲ್ಲಿ ರುದ್ರಮುನಿಯವರು ಗಂಟನ್ನು ಇಟ್ಟರು; ಇಟ್ಟು, ಒಮ್ಮೆ ಅದರ ಮೇಲೆ ಅಂಗೈಯೂರಿ, ಕೈ ಹಿಂದಕ್ಕೆ ತೆಗೆದುಕೊಂಡರು.

ಸ್ಪಂದನ ಬಾಗಿ ತಾಯಿಯ ಸೆರಗನ್ನು ಎಳೆದಳು. ಹಸುಗೂಸಿಗೆ ಹೊದಿಸುವ ಹಾಗೆ ಅದನ್ನು ಗಂಟಿನ ಸುತ್ತ ಹೊದಿಸಿ, ಅಂಚನ್ನು ತೋಳಿನ ಕೆಳಗೆ ಸಿಕ್ಕಿಸಿ, ಮೇಲೊಂದಿಷ್ಟನ್ನು ಮಾತ್ರ, ಉಸಿರಾಡಲೆಂಬಂತೆ, ತೆರೆದೇ ಬಿಟ್ಟಳು.