ಚೀಟಿ ಕಿತ್ತ ಬಾಟಲಿಗಳು

ಎರಡು ತಿಂಗಳಿಂದ ಟೈಲರಮ್ಮನ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗೆ. ತಾನೇ ಹೊಲಿದುಕೊಂಡ ರವಿಕೆ ಮೈಮೇಲೆ ಜೋತಾಡುತ್ತಿತ್ತು. ಊರಿನವರ ಅಳತೆ ತೆಗೆದವಳಿಗೆ ತಾನು ಎಷ್ಟು ಇಳಿದಿದ್ದೇನೆಂದು ಯಾರೂ ಹೇಳಬೇಕಿರಲಿಲ್ಲ.

"ಗ್ಯಾಸ್ ಅಷ್ಟೇ ಅಮ್ಮಾ," ಅನ್ನುತ್ತಿದ್ದ ಮಗ.

"ಗ್ಯಾಸ್‌ಗೆ ಇಷ್ಟೊಂದು ಸ್ಕ್ಯಾನಿಂಗಾ? ಒಲೆ ರಿಪೇರಿಯವನನ್ನೇ ಕರೀಬಹುದಿತ್ತಲ್ಲೋ."

ಮಗ ನಗಲಿಲ್ಲ.

ಹಿರಿಯರಿಗೆ ಕಾಯಿಲೆಯ ಹೆಸರು ಹೇಳಬಾರದೆಂಬುದು ನಮ್ಮ ಮನೆಗಳ ದೊಡ್ಡ ಮರ್ಯಾದೆ. ಡಾಕ್ಟರು ಬಾಗಿಲಾಚೆ ಮಗನಿಗೆ ಪಿಸುಗುಟ್ಟುತ್ತಾರೆ, ಒಳಗೆ ರೋಗಿ ಗೋಡೆ ನೋಡುತ್ತ ಮಲಗಿರುತ್ತಾಳೆ. ಇದಕ್ಕೆ ಪ್ರೀತಿ ಎಂದು ಹೆಸರು. ಕಳ್ಳತನ ಅನ್ನಲು ಯಾರಿಗೂ ಬಾಯಿಲ್ಲ.

"ಹೇಳಿದರೆ ಹೆದರಿಕೆಗೇ ಅರ್ಧ ಜೀವ ಹೋಗುತ್ತೆ," ಎಂದು ಟೈಲರಮ್ಮನ ಅಣ್ಣ ಸೋದರಳಿಯನಿಗೆ ತಾಕೀತು ಮಾಡಿದ್ದ. "ನಮ್ಮಪ್ಪನಿಗೂ ಹೇಳಲಿಲ್ಲ. ನೆಮ್ಮದಿಯಾಗಿ ಹೋದರು." ಅಮ್ಮನಿಗೆ ಓದಲು ಬರುತ್ತದೆಂದು ಮಗ ಔಷಧಿ ಬಾಟಲಿಗಳ ಚೀಟಿಗಳನ್ನೆಲ್ಲ ನೀರಿನಲ್ಲಿ ನೆನೆಸಿ ಕಿತ್ತುಹಾಕಿದ.

ಟೈಲರಮ್ಮನ ಕಳವಳವೆಲ್ಲ ಮಗಳ ಬಗ್ಗೆ. ಕಿವಿ ಕೇಳದ, ಮಾತು ಬಾರದ ಮಗಳು. ತಾನು ದುಡಿದು ಕಟ್ಟಿಸಿದ ಮನೆಯನ್ನು ಅವಳ ಹೆಸರಿಗೆ ಬರೆದಿಡಬೇಕು. ಇಲ್ಲವಾದರೆ ನಾಳೆ ಅವಳನ್ನು ಯಾರ ಮೂಲೆಗೆ ತಳ್ಳುತ್ತಾರೋ. ವಕೀಲರನ್ನು ಕರೆಸು ಎಂದರೆ ಅಣ್ಣ ನಗುತ್ತಿದ್ದ. "ಗ್ಯಾಸ್‌ಗೆ ಯಾರಾದರೂ ವಿಲ್ ಬರೀತಾರೇನೇ? ಅಪಶಕುನ ಆಡಬೇಡ."

ಕೊನೆಗೆ ಆಗಬಾರದ್ದೇ ಆಯಿತು. ಚೀಟಿಯಿಲ್ಲದ ಎರಡು ಕಂದು ಬಾಟಲಿಗಳಲ್ಲಿ ಮಗಳಿಗೆ ಗುರುತು ತಪ್ಪಿತು. ಗ್ಯಾಸಿನ ಔಷಧಿಯೆಂದು, ಹನಿ ಲೆಕ್ಕದಲ್ಲಿ ಕೊಡಬೇಕಾದ ನೋವಿನ ಔಷಧಿಯನ್ನು ಲೋಟಕ್ಕೆ ಬಗ್ಗಿಸಿ ಕುಡಿಸಿದಳು. ಎಷ್ಟು ಅಲುಗಾಡಿಸಿದರೂ ಅಮ್ಮ ಏಳಲಿಲ್ಲ.

ಆಸ್ಪತ್ರೆಯಲ್ಲಿ ಮರುದಿನ ಕಣ್ಣು ಬಿಟ್ಟಾಗ ಡಾಕ್ಟರಮ್ಮ ಮಗನನ್ನು ಹೊರಗೆ ಕರೆಯುತ್ತಿದ್ದರು. ಟೈಲರಮ್ಮ ಅವರ ಬಿಳಿ ಕೋಟಿನ ಅಂಚು ಹಿಡಿದಳು.

"ಹೊಟ್ಟೆ ನನ್ನದು. ನನ್ನ ಮುಂದೆಯೇ ಹೇಳಿ."

"ನೀನು ಸುಮ್ಮನೆ ಮಲಕ್ಕೋ," ಅಂದ ಅಣ್ಣ. "ಹೆದರ್ಕೋತೀಯ."

"ಈಗ ಹೆದರದೆ ಮಲಗಿದೀನಿ ಅಂದ್ಕೊಂಡಿದೀಯಾ ಅಣ್ಣಾ? ಏನು ಅಂತ ಗೊತ್ತಿಲ್ಲದೆ ದಿನಾ ಸಾಯ್ತಿದೀನಿ. ನಿನ್ನ ಮರ್ಯಾದೆ ನನ್ನ ಮಗಳ ಕೈಲಿ ನನ್ನನ್ನ ಕೊಲ್ಲಿಸ್ತಿತ್ತು."

ಡಾಕ್ಟರಮ್ಮ ಸ್ಟೂಲು ಎಳೆದು ಕೂತರು. ಕ್ಯಾನ್ಸರ್. ಲಿವರಿಗೂ ಹಬ್ಬಿದೆ. ವಾಸಿ ಮಾಡಲು ಆಗದು, ನೋವನ್ನು ಹಿಡಿತದಲ್ಲಿಡಬಹುದು. ವರ್ಷ ತುಂಬುವುದು ಕಷ್ಟ.

ಟೈಲರಮ್ಮ ಹೊದಿಕೆಯ ಅಂಚನ್ನು ಹೊಲಿಗೆಗೆಂಬಂತೆ ಬೆರಳಿನಿಂದ ಮಡಿಸಿದಳು. ಆಮೇಲೆ ಕೇಳಿದಳು. "ವಿಲ್‌ಗೆ ಬೇಕು, ನನ್ನ ಬುದ್ಧಿ ನೆಟ್ಟಗಿದೆ ಅಂತ ಬರೆದುಕೊಡ್ತೀರಾ?"

"ಇವತ್ತೇ ಕೊಡ್ತೀನಿ."

"ವಕೀಲರನ್ನ ಕರ್ಕೊಂಡು ಬಾರೋ," ಅಂದಳು ಮಗನಿಗೆ.

"ಈಗಲೇನಾ ಅಮ್ಮಾ?"

"ನೀನು ಅವತ್ತೇ ಹೇಳಿದ್ದರೆ ನಿಧಾನಕ್ಕೆ ಮಾಡಬಹುದಿತ್ತು."

ಮಗ ತಲೆ ತಗ್ಗಿಸಿ ಹೊರಟ. ಮಂಚದ ಕಾಲಬಳಿ ನಿಂತಿದ್ದ ಮಗಳು ಎಲ್ಲರ ಮುಖ ನೋಡಿ, ಏನಂದರು ಎಂದು ಕೈಸನ್ನೆಯಲ್ಲಿ ಕೇಳಿದಳು. ಅಣ್ಣ ಟೈಲರಮ್ಮನತ್ತ ಬೇಡ, ಬೇಡ ಎಂದು ತಲೆಯಾಡಿಸಿದ.

ಟೈಲರಮ್ಮ ಮಗಳನ್ನು ಹತ್ತಿರ ಎಳೆದು ಕೂರಿಸಿಕೊಂಡಳು. ಅವಳ ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟು, ಬೆರಳ ಸನ್ನೆಯಲ್ಲಿ, ಒಂದನ್ನೂ ಮುಚ್ಚಿಡದೆ ಹೇಳತೊಡಗಿದಳು.