ಜಪಾನಿನ ಮೂರು ಡಬ್ಬಿ

"ಮುಟ್ಬೇಡ ಕಣೇ! ಕೈಯೆಲ್ಲಾ ಎಣ್ಣೆ. ರೇಟು ಬಿದ್ದೋಯ್ತದೆ," ಎಂದು ನಂಜೇಶ್ ಹೆಂಡತಿಯ ಮೇಲೆ ಕೂಗಿದ.

ಶಿವರಂಜನಿ ಗೇಮಿನ ಕ್ಯಾಸೆಟ್ಟಿನ ರಾಶಿಯತ್ತ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಕೈಗೆ ಎಣ್ಣೆ ಹತ್ತಿದ್ದು ಇವನಿಗೆ ದೋಸೆ ಹುಯ್ದದ್ದಕ್ಕೆ. ಆರು ದೋಸೆ ಇಳಿಸಿ, ಮೀಸೆ ಒರೆಸಿಕೊಂಡು ಬಂದ ಮಹಾನುಭಾವ ಈಗ ಗದರುತ್ತಾನೆ. ಥೂ, ಇವನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಾಗಿಲಿಗೊರಗಿ ನಿಂತಳು.

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಮಳಿಗೆ ಅದು. ತೊಂಬತ್ತಾರರಲ್ಲಿ ನಂಜೇಶ್ ಅಲ್ಲಿ ಎರಡು ಕಲರ್ ಟಿವಿ ಇಟ್ಟು ವಿಡಿಯೋ ಗೇಮ್ ಅಂಗಡಿ ತೆರೆದಿದ್ದ. ಅರ್ಧ ಗಂಟೆಗೆ ಮೂರು ರೂಪಾಯಿ. ಐದು ವರ್ಷಕ್ಕೆ ಜನ ಬರುವುದು ನಿಂತು ಬಾಗಿಲು ಹಾಕಿದ. ಟಿವಿ ಮಾರಿದ, ಬೆಂಚು ಮಾರಿದ, ಗೇಮಿನ ಕ್ಯಾಸೆಟ್ಟುಗಳನ್ನು ಮಾತ್ರ ಮಾರಲಿಲ್ಲ. ಹಳೇ ಗೇಮಿಗೆ ಫಾರಿನ್ನಿನಲ್ಲಿ ಲಕ್ಷಗಟ್ಟಲೆ ಕೊಡುತ್ತಾರಂತೆ ಎಂದು ಮೈಸೂರಿನ ಇಂಟರ್‌ನೆಟ್ ಸೆಂಟರಿನಲ್ಲಿ ಯಾರೋ ಹೇಳಿದ್ದೇ ಹೇಳಿದ್ದು, ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಶಿವರಂಜನಿಗೆ ಹೊಲಿಗೆ ಬರುತ್ತಿತ್ತು. ಮನೆಯಲ್ಲಿ ಮಿಷನ್ನಿಗೆ ಜಾಗವೆಂದರೆ ಅಡುಗೆಮನೆಯ ಬಾಗಿಲು. ಹೆಂಗಸರು ರವಿಕೆ ಅಳತೆ ಕೊಡಲು ಬಂದರೆ ಮಾವ ಎದ್ದು ಬೀದಿಗೆ ಹೋಗಬೇಕು. ಖಾಲಿ ಬಿದ್ದಿರುವ ಮಳಿಗೆ ಕೊಡಿ ಎಂದು ಕೇಳಿ ಕೇಳಿ ಅವಳ ಬಾಯಿ ಒಣಗಿತ್ತು. "ರೇಟು ಇನ್ನೂ ಏರ್ತದೆ ಕಣೇ. ಇವನ್ನ ಮಾರಿದ್ ದಿನವೇ ಮಳಿಗೆ ನಿಂದು." ಆರು ವರ್ಷದಿಂದ ಇದೇ ಮಂತ್ರ.

ಕೊನೆಗೆ ಇವತ್ತು ಮೈಸೂರಿನಿಂದ ಒಬ್ಬರು ಬಂದಿದ್ದರು. ಗುರು ಅಂತ ಹೆಸರು, ಬ್ಯಾಂಕಿನಲ್ಲಿ ಕೆಲಸ, ಹಳೇ ಗೇಮು ಕೂಡಿಡುವ ಹುಚ್ಚು. ಕ್ಯಾಸೆಟ್ಟುಗಳ ರಾಶಿಯನ್ನು ಎರಡು ಬೆರಳಿನಲ್ಲಿ ಕೆದಕಿ, "ಇವೆಲ್ಲ ಡೂಪ್ಲಿಕೇಟ್. ಕಳ್ಳೇಪುರಿನೂ ಬರಲ್ಲ ಇದಕ್ಕೆ," ಎಂದರು.

"ಅವನ್ನ ಬುಡಿ ಸಾ. ಮಾಲು ಇಲ್ಲಿದೆ ನೋಡಿ." ನಂಜೇಶ್ ಅಟ್ಟದ ಮೇಲಿಂದ ತನ್ನ ಮದುವೆ ಪಂಚೆಯ ಗಂಟೊಂದನ್ನು ಇಳಿಸಿದ. ಪರಿಚಯದವರೊಬ್ಬರು ಸಿಂಗಪುರದಿಂದ ತಂದುಕೊಟ್ಟಿದ್ದ, ಒಂದು ಸಲವೂ ಆಡದೆ ಶೋಕೇಸಿನಲ್ಲಿಟ್ಟಿದ್ದ, ಜಪಾನಿನ ಮೂರು ಅಸಲಿ ಗೇಮಿನ ಡಬ್ಬಿ. ಅದನ್ನು ಕೇಳಿಯೇ ಗುರುವಿನ ಕಣ್ಣು ಅರಳಿತು. ಗಂಟು ಬಿಚ್ಚಿದ್ದೇ ತಡ, ಮುಖ ಇಳಿಯಿತು. ಮೂರು ಡಬ್ಬಿಯ ಮೇಲೂ ಅಡ್ಡಡ್ಡ ವಿಭೂತಿ, ನಡುವೆ ಕುಂಕುಮ. ಪಟ್ಟೆಯ ಮೇಲೆ ಪಟ್ಟೆ ಬಿದ್ದು ಒಳಗಿನ ಚಿತ್ರವೇ ಕಾಣುತ್ತಿರಲಿಲ್ಲ.

"ಏನ್ರೀ ಇದು?"

"ಆಯುಧಪೂಜೆ ಸಾ. ಅನ್ನ ಕೊಟ್ಟ ಸಾಮಾನಲ್ವಾ? ಹತ್ತು ವರ್ಷದಿಂದ ಒಂದ್ ಸಲನೂ ತಪ್ಸಿಲ್ಲ."

"ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಸೀಲ್ ಇತ್ತಲ್ಲ?"

"ಇತ್ತು ಸಾ. ಅದ್ರ ಮೇಲೆ ವಿಭೂತಿ ನಿಲ್ತಿರ್ಲಿಲ್ಲ, ಜಾರೋಗದು. ನಾನೇ ಬ್ಲೇಡಲ್ಲಿ ನೀಟಾಗಿ ಕುಯ್ದು ತೆಗ್ದಾಕ್ದೆ."

ಗುರು ಬೆರಳಿಗಂಟಿದ ವಿಭೂತಿ ಒರೆಸಿಕೊಂಡರು. "ಆ ಸೀಲಿಗೇ ಕಣ್ರೀ ದುಡ್ಡು. ಅದಿದ್ದಿದ್ರೆ ಎಂಬತ್ತು ಸಾವಿರ ಕೊಡ್ತಿದ್ದೆ. ಈಗ ಆರು ಸಾವಿರ."

ಶಿವರಂಜನಿಗೆ ನಗು ಬಂತು, ಹಿಂದೆಯೇ ಅಳು ಬಂತು. ಈ ದಡ್ಡಶಿಖಾಮಣಿಯ ಮಾತು ನಂಬಿಕೊಂಡು ಆರು ವರ್ಷ ಬಾಗಿಲಲ್ಲಿ ಕೂತು ಹೊಲಿದೆನಲ್ಲ, ನನಗಿಂತ ದಡ್ಡಿ ಇದ್ದಾಳೆಯೇ ಎಂದು ತನ್ನ ಮೇಲೇ ಹೇಸಿಗೆಯಾಯಿತು. "ಬಂದಷ್ಟಕ್ಕೆ ಕೊಟ್ಬುಡ್ರೀ," ಎಂದಳು.

"ಆರಾ? ಇನ್ನತ್ತು ವರ್ಷ ತಡೀರಿ ಸಾ, ನೀವೇ ಹುಡ್ಕೊಂಡ್ ಬತ್ತೀರಿ."

"ಚಿಕ್ಕವಯಸ್ಸಲ್ಲಿ ಆಡಿದ ನಮ್ಮಂಥೋರು ಕೊಳ್ತಿದ್ದೀವಿ ಅಷ್ಟೇ. ನಮ್ಮ ಚಪಲ ತೀರಿದ್ಮೇಲೆ ಇದು ಯಾರಿಗ್ರೀ ಬೇಕು? ರೇಟು ಬಿದ್ದೇ ಬೀಳುತ್ತೆ," ಎಂದು ಗುರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅವರು ತಿರುವು ದಾಟಿದ ಮೇಲೆ ನಂಜೇಶ್ ಉಗಿದ. "ಯಾಪಾರ ಗೊತ್ತಿಲ್ದ ನನ್ಮಗ. ಕಮ್ಮೀಗೆ ಒಡ್ಕಳಕೆ ಬಂದಿದ್ದ."

ಶಿವರಂಜನಿ ಶಟರಿನ ಬೀಗದಲ್ಲಿ ನೇತಾಡುತ್ತಿದ್ದ ಬೀಗದಕೈಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏಯ್, ಮಾರಿದ್ ದಿನ ಅಂದಿದ್ನಲ್ಲ?"

"ಮಾರೋ ದಿನ ಬಂದಿತ್ತು. ನೀವು ಮಾರ್ಲಿಲ್ಲ. ಅದು ನಿಮ್ ಕರ್ಮ. ನಾಳೆ ಮಿಷನ್ ತಂದ್ ಇಕ್ತೀನಿ, ಒಂದ್ ಕೈ ಇಡೀರಿ."

ನಂಜೇಶ್ ಮಾರನೇ ದಿನ ಗೊಣಗುತ್ತಲೇ ಮಿಷನ್ ಹೊರಲು ಕೈ ಜೋಡಿಸಿದ.

ವಾರ ಕಳೆದು ಅವನು ಮಳಿಗೆಗೆ ಬಂದಾಗ ಡೂಪ್ಲಿಕೇಟ್, ಅಸಲಿ ಎನ್ನದೆ ಕ್ಯಾಸೆಟ್ಟುಗಳೆಲ್ಲ ಮೂಟೆಯೊಳಗಿದ್ದವು. ಅಸಲಿ ಡಬ್ಬಿಗಳು ಮಿಷನ್ನಿನ ಪಕ್ಕದಲ್ಲೇ ಇದ್ದವು, ಮುಚ್ಚಳ ತೆರೆದುಕೊಂಡು. ಒಂದರಲ್ಲಿ ಗುಂಡಿ, ಒಂದರಲ್ಲಿ ದಾರದುಂಡೆ, ಇನ್ನೊಂದರಲ್ಲಿ ರವಿಕೆಯ ಹುಕ್ಕು.

"ಅಯ್ಯೋ, ಅದ್ರೊಳಕ್ಕೆ ತುಂಬ್ಬೇಡ ಕಣೇ. ಮೂಲೆ ಅರಿದೋದ್ರೆ ರೇಟು ಬಿದ್ದೋಯ್ತದೆ."

ಶಿವರಂಜನಿ ಇನ್ನೊಂದು ಹಿಡಿ ಹುಕ್ಕು ಸುರಿದು, ವಿಭೂತಿಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಳ ಅದುಮಿ, ಮಿಷನ್ ತುಳಿಯತೊಡಗಿದಳು.