ಮಿಷನ್ ಮುಂದೆ ನಿಂತು ಅವಳು ಯಾರ ಜೊತೆ ಮಾತಾಡ್ತಾಳೆ?

ಸಮಸ್ತ ನಾಗರಿಕರ ಗಮನಕ್ಕೆ. ಹೋದ ವರ್ಷ ಒಂದಿನ ಬೆಳಿಗ್ಗೆ ಆಸ್ಪತ್ರೆ ವಾಚ್‌ಮನ್ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿಹೋಯ್ತು. ಪ್ರಾಣಹಾನಿ ಇಲ್ಲ. ಆದರೆ ಮನೆ ಯಜಮಾನನ ಮನಃಶಾಂತಿಗೆ ಭಾರಿ ಹಾನಿ ಆಯ್ತು.

ಯಾಕಂದ್ರೆ ಹೆಂಡತಿ ಒಲೆ ಮುಂದೇನೇ ನಿಂತಿದ್ದಳು. ಕಣ್ಣು ಪಾತ್ರೆ ಮೇಲಿತ್ತು, ತುಟಿ ಏನೋ ಗೊಣಗ್ತಿತ್ತು, ಹಾಲು ಹೇಳದೆ ಕೇಳದೆ ಹೊರಗೆ ಹೋಯ್ತು. ಗೇಟು ಕಾಯೋ ಮನುಷ್ಯನ ಮನೆಯಲ್ಲೇ ಹೀಗಾದ್ರೆ ಹೇಗೆ?

ಈ ವಾಚ್‌ಮನ್‌ನ ಎಲ್ಲರೂ ಡೌಟಣ್ಣ ಅಂತಾರೆ. ಚೆನ್ನಾಗಿದ್ದೀರಾ ಅಂತ ಕೇಳಿದ್ರೆ, ಯಾಕೆ ಕೇಳಿದ್ರಿ ಅಂತ ಕೇಳೋ ಜಾತಿ. ಹೆಂಡತಿ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೀತಾಳೆ. ಅವಳು ಬಟ್ಟೇಲಿರೋ ಕಲೆ ತೆಗೀತಾಳೆ, ಇವನು ಜನರಲ್ಲಿ ಇಲ್ಲದ ಕಲೆ ಹುಡುಕ್ತಾನೆ.

ಹಾಲು ಉಕ್ಕಿದ ದಿನದಿಂದ ಡೌಟಣ್ಣನ ಡೌಟಿಗೆ ಮನೆಯಲ್ಲೇ ಡ್ಯೂಟಿ ಬಿತ್ತು. ಬಸ್‌ಸ್ಟಾಪಲ್ಲಿ ಅವಳು ಒಬ್ಬಳೇ ಬೆರಳು ಮಡಚ್ತಾ ನಗ್ತಿರ್ತಾಳೆ ಅಂತ ಟೀ ಅಂಗಡಿಯವನು ಸುದ್ದಿ ಕೊಟ್ಟ. ಒಂದಿನ ಎದುರಿಗೇ ಬಂದ ಬಸ್ಸನ್ನ ಬಿಟ್ಟಳಂತೆ. ಮನೆಗೆ ಬಂದ್ರೆ ಏಪ್ರನ್ ಜೇಬಿನ ಹತ್ರ ಯಾರನ್ನೂ ಸೇರಿಸ್ತಿರ್ಲಿಲ್ಲ. ಕೇಳಿದ್ರೆ ಏನಿಲ್ಲ ರೀ ಅಂತಿದ್ದಳು. ಡೌಟಣ್ಣನ ಅನುಭವದಲ್ಲಿ, ಏನಿಲ್ಲ ಅಂದವರ ಚೀಲದಲ್ಲೇ ಎಲ್ಲ ಸಿಗ್ತಿತ್ತು.

ಕೊನೆಗೆ ಒಂದಿನ ಟೀ ಕುಡಿಯೋ ಬಿಡುವಲ್ಲಿ ಬೆಕ್ಕಿನ ಹೆಜ್ಜೆ ಇಟ್ಕೊಂಡು ಹೋಗಿ ಲಾಂಡ್ರಿ ಬಾಗಿಲಿಗೆ ಕಿವಿ ಕೊಟ್ಟ. ಒಳಗಿಂದ ಹೆಂಡತಿ ದನಿ ಬಂತು. "ಹೃದಯದಲ್ಲಿ ನಾಲ್ಕು ಕೋಣೆ ಇರುತ್ತೆ."

ಡೌಟಣ್ಣ ಅಲ್ಲೇ ಲೆಕ್ಕ ಹಾಕಿದ. ನಾಲ್ಕರಲ್ಲಿ ತನಗೆ ಸಿಕ್ಕಿದ್ದು ಯಾವುದು, ಉಳಿದ ಮೂರು ಯಾರಿಗೆ ಬಾಡಿಗೆಗೆ ಹೋಗಿದೆ? ಬಾಗಿಲು ತಳ್ಳಿದ.

ಒಳಗೆ ಹೆಂಡತಿ ಮತ್ತು ಪಕ್ಕದ ಮನೆ ನರ್ಸಕ್ಕ ಇಬ್ಬರೇ. ದೊಡ್ಡ ಮಿಷನ್ ಗಿರಗಿರ ತಿರುಗ್ತಿತ್ತು. ಅದರ ಗಾಜಿನ ಬಾಗಿಲಿಗೆ ವಿಜ್ಞಾನ ಪುಸ್ತಕದ ಒಂದು ಹಾಳೇನ ಒದ್ದೆ ಕೈಯಲ್ಲಿ ಅಂಟಿಸಿದ್ರು.

ಹೆಂಡತಿ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಬ್ಲೀಚಿಂಗ್ ನೀರಿಗೆ ಬೆರಳೆಲ್ಲ ಒಡೆದು, ಉಪ್ಪು ಮುಟ್ಟಿದ್ರೆ ಕಣ್ಣಲ್ಲಿ ನೀರು ಬರ್ತಿತ್ತು. ನೀರಿನ ಕೆಲಸ ಬಿಡದೆ ಇದು ವಾಸಿಯಾಗಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ರು. ಬಟ್ಟೆ ಸ್ಟೋರಿನಲ್ಲಿ ಕೂತು ಶೀಟು ಕೊಡೋ ಜಾಗ ಸದ್ಯದಲ್ಲೇ ಖಾಲಿಯಾಗೋದಿತ್ತು. ಅದಕ್ಕೆ ಹತ್ತನೇ ಕ್ಲಾಸ್ ಪಾಸಾಗಿರಬೇಕು. ಹಾಗಾಗಿ ನರ್ಸಕ್ಕ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿದ್ದಳು.

ನನಗ್ಯಾಕೆ ಹೇಳಲಿಲ್ಲ ಅಂತ ಡೌಟಣ್ಣ ಕೇಳಿದ.

"ಹೇಳಿದ್ದೆ ರೀ. ಈ ವಯಸ್ಸಲ್ಲಿ ಬೆನ್ನಿಗೆ ಚೀಲ ಹಾಕ್ಕೊಂಡು ಹೋಗ್ತೀಯಾ ಅಂತ ನಕ್ಕಿದ್ರಿ."

ಅವನಿಗೆ ಆಗಲೂ ನಂಬಿಕೆ ಬರಲಿಲ್ಲ. ಇಷ್ಟು ಚೂರುಪಾರು ಹೊತ್ತಲ್ಲಿ ಓದಿ ಯಾರಾದ್ರೂ ಪಾಸಾಗೋದುಂಟಾ, ಇದರ ಹಿಂದೆ ಬೇರೇನೋ ಇದೆ ಅಂದ.

ನರ್ಸಕ್ಕ ಸಮಾಧಾನವಾಗಿ ಕೇಳಿದಳು. "ತಮ್ಮಾ, ಗೇಟಲ್ಲಿ ಒಂದು ಗಾಡಿ ಹೋಗಿ ಇನ್ನೊಂದು ಬರೋವರೆಗೂ ನೀನೇನು ಮಾಡ್ತೀಯ?"

"ನಿಗಾ ಇಡ್ತೀನಿ."

"ಯಾರ ಮೇಲೆ?"

"ಆಗ ಯಾರೂ ಇರಲ್ಲ."

"ಯಾರೂ ಇಲ್ಲದವರ ಮೇಲೆ ನಿಗಾ ಇಡೋಷ್ಟು ಹೊತ್ತು ನಿನಗಿದೆ. ಅವಳು ಅಷ್ಟರಲ್ಲಿ ಅರ್ಧ ಪಾಠ ಮುಗಿಸ್ತಾಳೆ."

ಪುಸ್ತಕ ನೋಡಿದ್ರೆ ಹೆದರಿಕೆ ಆಗುತ್ತೆ, ಅದಕ್ಕೇ ದಿನಕ್ಕೆ ಒಂದೇ ಹಾಳೆ ಜೇಬಲ್ಲಿ ಇಟ್ಕೊಳೋದು ಅಂತ ಹೆಂಡತಿಯೇ ವಿವರಿಸಿದಳು. ಮಿಷನ್ ತಿರುಗೋವಾಗ ಓದೋದು, ಬಸ್ಸಿಗೆ ಕಾಯೋವಾಗ ನೆನಪು ಮಾಡ್ಕೊಳೋದು. ಒಲೆ ಮುಂದೆ ಮಾತ್ರ ಬೇಡ, ಅಲ್ಲಿ ಹಾಲನ್ನೇ ಓದು ಅಂತ ನರ್ಸಕ್ಕ ತಿದ್ದಿದಳು.

ಆವತ್ತಿಂದ ಡೌಟಣ್ಣ ತನ್ನ ವಿದ್ಯೆಯನ್ನೆಲ್ಲ ಹೆಂಡತಿ ಉತ್ತರಗಳ ಮೇಲೆ ಪ್ರಯೋಗಿಸಿದ. ಅವಳು ಏನು ಹೇಳಿದ್ರೂ, ನಿಜವಾಗ್ಲೂನಾ, ಇನ್ನೊಂದ್ಸಲ ಹೇಳು ಅಂತಿದ್ದ. ಇಂಥ ಮೇಷ್ಟ್ರು ಸಿಕ್ಕರೆ ಗೋಡೇನೂ ಪಾಸಾಗುತ್ತೆ. ಅವಳೂ ಪಾಸಾದಳು.

ಇಬ್ಬರೂ ಇಸ್ತ್ರಿ ಬಟ್ಟೆ ಹಾಕ್ಕೊಂಡು ಟೀ ಬಿಡುವಲ್ಲಿ ಆಸ್ಪತ್ರೆ ಮ್ಯಾನೇಜರ್ ಹತ್ರ ಹೋದ್ರು. ಮ್ಯಾನೇಜರ್ ಅಭಿನಂದನೆ ಹೇಳಿ, ಸ್ಟೋರಿನ ಕೆಲಸ ಕೊಡೋಕಾಗಲ್ಲ ಅಂದ್ರು. ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಆಸ್ಪತ್ರೆ ಕೀ ಇರಬಾರದು ಅಂತ ರೂಲು. ಸ್ಟೋರ್ ಕೀ ಒಬ್ಬರದು, ಗೇಟ್ ಕೀ ಇನ್ನೊಬ್ಬರದು ಆದ್ರೆ ಶೀಟಿಗೆ ಕಾಲು ಬಂದು ನಡೆದುಹೋಗುತ್ತಂತೆ.

"ಇಂಥ ದರಿದ್ರ ರೂಲು ಯಾರು ಸಾರ್ ಮಾಡಿದ್ದು?"

"ನೀನೇ ಕಣಯ್ಯ. ಹಿಂದೆ ಸ್ಟೋರಿನವಳ ಗಂಡನ್ನ ಗೇಟಿಗೆ ಹಾಕ್ತೀನಿ ಅಂದಾಗ ಡೌಟು ಡೌಟು ಅಂತ ನನ್ನ ತಲೆ ತಿಂದು ಮಾಡಿಸಿದೆಯಲ್ಲ."

ದಾರಿ ಒಂದೇ. ಡೌಟಣ್ಣ ಗೇಟ್ ಕೀ ಬಿಟ್ಟು, ರೋಗಿಗಳಿಗೆ ಚೀಟಿ ಕೊಡೋ ಕಿಟಕಿಗೆ ಹೋಗಬೇಕು. ಅದಕ್ಕೂ ಹತ್ತನೇ ಕ್ಲಾಸ್ ಬೇಕು. ಅವನು ಓದಿದ್ದು ಎಂಟು. ಅವನು ಪಾಸಾಗೋವರೆಗೆ ಅವಳ ಕೈ ನೀರಲ್ಲೇ.

ಡೌಟಣ್ಣ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಮೊದಲನೇ ಸಲ ತನ್ನ ಮೇಲೇ ಅನುಮಾನ ಬಂತು.

"ನನ್ನ ಕೈಲಿ ಆಗುತ್ತಾ ಕಣೇ?"

"ನಂಗೂ ಡೌಟೇ ರೀ," ಅಂತ ಅವಳು ಪಕ್ಕ ಕೂತಳು. "ಟೀ ಬಿಡುವು ಮುಗಿಯೋಕೆ ಇನ್ನೂ ಹೊತ್ತಿದೆ. ಮೊದಲನೇ ಪಾಠ ಶುರು ಮಾಡೋಣ."

ಅಕ್ಕಂದಿರೇ, ಅಣ್ಣಂದಿರೇ, ಓದು ಬಿಟ್ಟು ಎಷ್ಟು ವರ್ಷ ಆಗಿದ್ರೂ ಪರವಾಗಿಲ್ಲ. ಸಾಲಲ್ಲಿ ನಿಂತಾಗ, ಕೆಲಸದ ನಡುವೆ ಉಸಿರು ಬಿಡುವಾಗ, ಸಿಕ್ಕಷ್ಟು ಹೊತ್ತನ್ನ ನಿಮಗೋಸ್ಕರ ಇಟ್ಕೊಳ್ಳಿ. ಯಾವ ಕೆಲಸಕ್ಕಾಗಿ ಓದ್ತೀರೋ ಅದರ ರೂಲು ಮೊದಲೇ ವಿಚಾರಿಸಿ. ಆದಷ್ಟು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಶುರು ಮಾಡಿ. ಒಬ್ಬರಿಗೆ ಇನ್ನೊಬ್ಬರು ಕಾಯೋ ಪಾಡು ತಪ್ಪುತ್ತೆ.